ಅವ್ವನ ಸಂಚಿ

ಚಳಿಗೆ ಬೆಂಕಿ ಹಾಕಿ ಕೂತಾಗಲೆಲ್ಲ ನಮ್ಮ ಮನೆ ಹುಡುಗರು ಕೇಳುವುದು ಒಂದೇ ಕಥೆ, ಶುಗರ್ ಗ್ಲೈಡರ್‌ದು. ಹೇಳುವ ಮೊದಲು ಆಗ ಊರು ಹೇಗಿತ್ತು ಅನ್ನುವುದು ಗೊತ್ತಿರಬೇಕು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿ ಮುಗಿಯುವಷ್ಟರಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ಕು ಜೀವ ಹೋದವು. ಕಬ್ಬಿನ ಗದ್ದೆ ಪಕ್ಕ ಹಾಯಲು ಹಗಲಲ್ಲೇ ಎದೆ ಡವಡವ. ರಾತ್ರಿ ತ್ರೀಫೇಸ್ ಕರೆಂಟು ಬಂದರೂ ನೀರು ಕಟ್ಟಲು ಹೋಗುವ ಗಂಡಸಿಲ್ಲ. ಸಂಜೆ ಆರಕ್ಕೆ ದನ ಒಳಗೆ, ನಾಯಿ ಒಳಗೆ, ಮಕ್ಕಳು ಒಳಗೆ, ಬಾಗಿಲಿಗೆ ಅಗುಳಿ.

ಅಂಥ ಹೊತ್ತಲ್ಲಿ ನಂಜನಗೂಡಿನಿಂದ ಅಕ್ಕ ಆಳೆತ್ತರದ ಪಂಜರವೊಂದನ್ನು ಗೂಡ್ಸ್ ಆಟೋದಲ್ಲಿ ತಂದಿಳಿಸಿದಳು. ಮಗ ಬೆಂಗಳೂರಲ್ಲಿ ಓದುತ್ತಿದ್ದ. ಯಾವುದೋ ಅಂಗಡಿಯಿಂದ ಜೋಡಿ ತಂದು ರೂಮಲ್ಲಿಟ್ಟುಕೊಂಡ. ರೂಮಿನ ಓನರ್ ಬೈದ, ಅಮ್ಮನ ಮನೆಗೆ ಸಾಗಿಸಿದ. ಅಕ್ಕನಿಗೋ ರಾತ್ರಿಯಿಡೀ ನಿದ್ದೆಯಿಲ್ಲ. ‘ನೀವು ಹೇಗೂ ಚಿರತೆಗೆ ಹೆದರಿ ಎದ್ದೇ ಇರ್ತೀರಲ್ಲ, ಇಟ್ಕೊಳಿ’ ಅಂದಳು. ಜೊತೆಗೆ ಒಂದು ಚಿಪ್ಪು ರಸಬಾಳೆ ಕೊಟ್ಟಳು. ಸೊರಗು ರೋಗ ಬಂದು ತೋಟಗಳೇ ಹಾಳಾದ ಮೇಲೆ ನಂಜನಗೂಡಿನವರಿಗೂ ರಸಬಾಳೆ ಸುಲಭಕ್ಕೆ ಸಿಗುವುದಿಲ್ಲ. ಪಂಜರ ಒಪ್ಪಿಸುವುದಕ್ಕೆ ಅದು ಲಂಚ ಅಂತ ನನ್ನ ಗುಮಾನಿ.

ಪಂಜರದ ಮೂಲೆಯಲ್ಲಿ ಎರಡು ಬೂದುಬಣ್ಣದ ಮುದ್ದೆ. ಒಂದೊಂದೂ ನೂರು ನೂರಿಪ್ಪತ್ತು ಗ್ರಾಂ ತೂಗಿದರೆ ಹೆಚ್ಚು. ಮೂಗಿನಿಂದ ಬೆನ್ನುದ್ದಕ್ಕೂ ಕಪ್ಪು ಪಟ್ಟೆ, ಮುಖದ ತುಂಬ ಕಣ್ಣು. ಮುಂಗಾಲಿನಿಂದ ಹಿಂಗಾಲಿಗೆ ಚರ್ಮದ ಪೊರೆ. ಅದನ್ನು ಬಿಚ್ಚಿಕೊಂಡೇ ಆಸ್ಟ್ರೇಲಿಯಾ, ನ್ಯೂಗಿನಿಯ ಕಾಡುಗಳಲ್ಲಿ ಮರದಿಂದ ಮರಕ್ಕೆ ತೇಲುವುದು. ಅಳಿಲಿನಂತೆ ಕಂಡರೂ ಅಳಿಲಲ್ಲ. ಕಾಂಗರೂ ಹಾಗೆ ಹೊಟ್ಟೆಚೀಲದಲ್ಲಿ ಮರಿ ಹೊರುವ ಜಾತಿ. ನೋಡಲು ಮುದ್ದು, ಸರಿ. ಕೈ ಹತ್ತಿರ ತಂದಿರೋ, ಸ್ಟೇಷನ್ ಸಿಗದ ಹಳೇ ಟ್ರಾನ್ಸಿಸ್ಟರ್ ಥರ ಕರಕರ ಅರಚುತ್ತ ಹಿಂಗಾಲ ಮೇಲೆ ನಿಂತು ಮೈಮೇಲೆ ಬೀಳುತ್ತಿದ್ದವು. ಹಲ್ಲು ಚಿಕ್ಕದು, ಕಚ್ಚಿದರೆ ರಕ್ತ ಬರುವುದು ಖಚಿತ. ಕೈಗವಸು ಹಾಕಿ ಹಿಡಿದು ಹಿಡಿದು ಅಭ್ಯಾಸ ಮಾಡಿಸಿ, ದಾರಿಗೆ ಬರುತ್ತವೆ ಅಂತ ಅಂಗಡಿಯವನು ಹೇಳಿದ್ದನಂತೆ. ಹುಡುಗ ಹಾಗೇ ಮಾಡಿದ್ದ. ಕೈ ಅಂದರೆ ಹಿಡಿಯುವುದು ಅಂತ ಅವು ಕಲಿತುಬಿಟ್ಟಿದ್ದವು.

ಅವ್ವ ಪಂಜರದ ಮುಂದೆ ಮಣೆ ಹಾಕಿಕೊಂಡು ಕೂತಳು. ಗಂಡಿನ ನೆತ್ತಿಯಲ್ಲಿ ಕೂದಲಿಲ್ಲದ ಬೋಳು ಬಿಲ್ಲೆ ಕಂಡು, ‘ಪಾಪ, ಹುಳುಕಡ್ಡಿ ಆಗದೆ ಕಣ್ಲಾ’ ಅಂದಳು. ಹುಳುಕಡ್ಡಿಯಲ್ಲ, ಅದು ವಾಸನೆ ಒಸರುವ ಗ್ರಂಥಿ. ಗಂಡು ಅದನ್ನು ತನ್ನವರ ಮೈಗೆ ಉಜ್ಜಿ ಉಜ್ಜಿ ಇಡೀ ಗುಂಪಿಗೆ ಒಂದೇ ವಾಸನೆ ಹತ್ತಿಸುತ್ತದೆ. ಅದಿದ್ದರೆ ನಮ್ಮವರು, ಇಲ್ಲದಿದ್ದರೆ ಶತ್ರು. ಫೋನಿನಲ್ಲಿ ಸಿಕ್ಕ ಪಶುವೈದ್ಯರೊಬ್ಬರು ಇದನ್ನೆಲ್ಲ ವಿವರಿಸಿ, ಮೈಗೆ ತಾಗಿದ ಬಟ್ಟೆ ಪಂಜರದಲ್ಲಿಟ್ಟು ಸುಮ್ಮನಿರಿ ಅಂದರು. ಬರೀ ಹಣ್ಣು ಹಾಕಿದರೆ ಕ್ಯಾಲ್ಸಿಯಂ ಸಾಲದೆ ಹಿಂಗಾಲು ಸೋತುಹೋಗುತ್ತವೆ, ಹುಳು, ಮೊಟ್ಟೆಯೂ ಬೇಕು ಅಂದರು. ಕ್ಯಾಲ್ಸಿಯಂ ಅಂದಿದ್ದೇ ಅವ್ವ ರಾಗಿ ಅಂಬಲಿ ಕಾಸಿ ಇಟ್ಟಳು. ಮೂಸಿಯೂ ನೋಡಲಿಲ್ಲ.

ಅವ್ವ ತನ್ನ ಹಳೇ ನೂಲಿನ ಸೀರೆ ಹರಿದು ಎಲೆಅಡಿಕೆ ಸಂಚಿ ಹೊಲಿಯುವ ಅಳತೆಯಲ್ಲೇ ಒಂದು ಚೀಲ ಹೊಲಿದಳು. ಒಳಗಿನ ದಾರ ಅವುಗಳ ಉಗುರಿಗೆ ಸಿಕ್ಕಿದರೆ ಕಾಲು ಉಳುಕುತ್ತದೆಂದು ಚೀಲ ತಿರುಗಿಸಿ ಹೊಲಿಗೆ ಹೊರಗೆ ಬರುವ ಹಾಗೆ ಮಾಡಿದಳು. ಅದನ್ನು ಪಂಜರದಲ್ಲಿ ನೇತುಹಾಕಿದ್ದಾಯಿತು. ಕಾಡಿನಲ್ಲಿ ಮರದ ಪೊಟರೆಯೊಳಗೆ ಒಟ್ಟಿಗೆ ಮಲಗುವ ಪ್ರಾಣಿ. ಕತ್ತಲ ಚೀಲ ಸಿಕ್ಕಿದ ಕೂಡಲೇ ಹೊಕ್ಕವು. ಬೆಳಿಗ್ಗೆ ಅವು ನಿದ್ದೆಯಲ್ಲಿದ್ದಾಗ ಲಾಡಿ ಎಳೆದು, ಚೀಲವನ್ನು ಕೊರಳಿಗೆ ಹಾಕಿಕೊಂಡು ಅವ್ವ ಅವರೆಕಾಯಿ ಸುಲಿಯಲು ಕೂರುತ್ತಿದ್ದಳು. ಅವಳು ಕೆಮ್ಮಿದರೆ ಚೀಲದೊಳಗಿಂದ ಕರಕರ. ನಕ್ಕರೂ ಕರಕರ. ‘ಸುಮ್ಕಿರ್ರವ್ವ’ ಅನ್ನುವಳು, ಸುಲಿಯುವಳು. ಕೈ ಮಾತ್ರ ಒಳಗೆ ಹಾಕುತ್ತಿರಲಿಲ್ಲ.

ರಾತ್ರಿ ನನ್ನ ಪಾಳಿ. ಹಗಲಲ್ಲಿ ಬದುವಿನ ನೀಲಗಿರಿ ಕೊಂಬೆ ಕಡಿದು ತೊಳೆದು ಪಂಜರಕ್ಕೆ ಕಟ್ಟುತ್ತಿದ್ದೆ. 1790ರ ಸುಮಾರಿಗೆ ಟಿಪ್ಪು ನಂದಿಬೆಟ್ಟದಲ್ಲಿ ನೆಡಿಸಿದನೆನ್ನುವ ಆ ಮರವೂ ಇವುಗಳ ದೇಶದ್ದೇ. ತೊಗಟೆ ಕೆರೆದು ರಸ ನೆಕ್ಕುವುದು ಇವುಗಳ ಹುಟ್ಟುಬುದ್ಧಿ. ಕತ್ತಲಲ್ಲಿ ಟರ್ ಟರ್ ಅಂತ ಕೆರೆಯುವ ಸದ್ದು ಕೇಳುತ್ತ ಅಗುಳಿ ಹಾಕಿದ ಬಾಗಿಲ ಕಡೆಗೂ ಒಂದು ಕಿವಿ ಇಟ್ಟು ಕೂರುತ್ತಿದ್ದೆವು. ಅಂಥ ಒಂದು ರಾತ್ರಿ ಅವ್ವ, ‘ನಮ್ಗೆ ಆಚೆ ಇರೋದು ಚಿರತೆ. ಅವ್ಕೆ ನಾವೇಯ’ ಅಂದಳು. ಆಮೇಲೆ ರಸಬಾಳೆ ಕಿವುಚಿ ಬೆರಳ ಗೆಣ್ಣಿಗೆ ಸವರಿ, ಕಂಬಿಗೆ ತಾಗಿಸಿ ಹಿಡಿದಳು. ತುಂಬ ಹೊತ್ತಿನ ಮೇಲೆ ಹೆಣ್ಣು ಇಳಿದು ಬಂತು. ಎರಡು ಪುಟ್ಟ ಕೈಯಲ್ಲಿ ಗೆಣ್ಣನ್ನು ಬಿಗಿಯಾಗಿ ಹಿಡಿದುಕೊಂಡು, ಕಣ್ಣು ಅವ್ವನ ಮುಖದ ಮೇಲಿಟ್ಟೇ ನೆಕ್ಕಿತು. ಹಣ್ಣು ಮುಗಿದ ಮೇಲೆ ಒಂದು ಸಲ ಕಚ್ಚಿತು, ರುಚಿ ನೋಡಲೆಂದು. ಅವ್ವ ಕೈ ಎಳೆಯಲಿಲ್ಲ. ನಾನಾಗಿದ್ದರೆ ಎಳೆಯುತ್ತಿದ್ದೆ.

ಜನವರಿಯ ಒಂದು ರಾತ್ರಿ ಕರೆಂಟು ಹೋಗಿತ್ತು. ಅರಣ್ಯ ಇಲಾಖೆಯವರ ಜೀಪು ರಸ್ತೆಯಲ್ಲಿ ಹಾದುಹೋಯಿತು. ಅದರ ಸದ್ದಿಗೋ ಏನೋ, ಗಂಡು ಬೊಗಳಲು ಶುರುಮಾಡಿತು. ಹೌದು, ಬೊಗಳುತ್ತವೆ, ಥೇಟ್ ನಾಯಿಮರಿ ಹಾಗೆ, ಬಿಟ್ಟು ಬಿಟ್ಟು. ಪಕ್ಕದ ಮನೆಯವರು ಕಿಟಕಿ ತೆರೆದು ಕೂಗಾಡಿದರು: ‘ನಾಯ್ಮರಿ ಒಳಕ್ಕಾಕ್ರಪ್ಪೋ, ಚಿರತೆ ಕರೀತಾ ಇದ್ದೀರಾ!’ ನಾಯಿಮರಿಯಲ್ಲ ಅಂತ ನಾನು ಕೂಗಿದೆ. ಮತ್ತೇನು ಅಂದರು. ಆ ಕತ್ತಲಲ್ಲಿ, ಆ ಭಯದಲ್ಲಿ ಶುಗರ್ ಗ್ಲೈಡರ್ ಅಂದರೇನೆಂದು ಕಿಟಕಿಯಿಂದ ಕಿಟಕಿಗೆ ವಿವರಿಸುವುದು ಹೇಗೆ? ಬೀದಿಯ ನಾಯಿಗಳೆಲ್ಲ ಒಳಗೊಳಗೇ ಎದ್ದು ಜೊತೆಗೂಡಿದವು.

ಅವ್ವ ಎದ್ದು ಹೋಗಿ ಪಂಜರದ ಬಾಗಿಲು ತೆಗೆದಳು. ಬೇಡ ಅನ್ನುವಷ್ಟರಲ್ಲಿ ಗಂಡು ಅವಳ ಮೊಣಕೈಗೆ ಹಾರಿತ್ತು. ಸದ್ದಿಲ್ಲ, ಕಚ್ಚಲೂ ಇಲ್ಲ. ತೋಳು ಹತ್ತಿ, ಹೆಗಲು ದಾಟಿ, ಸೆರಗಿನೊಳಗೆ ನುಗ್ಗಿತು. ಹಿಂದೆಯೇ ಹೆಣ್ಣು. ನಾನು ಟಾರ್ಚ್ ಬಿಟ್ಟೆ. ಅವ್ವನ ಕೊರಳ ಬಳಿ ಗಂಡು ತಲೆ ತಗ್ಗಿಸಿ, ಆ ಬೋಳು ಬಿಲ್ಲೆಯನ್ನು ಅವಳ ಚರ್ಮಕ್ಕೆ ತಿಕ್ಕುತ್ತಿತ್ತು, ಒಂದೇ ಸಮ. ‘ಬೆಳಕ್ ಆರ್ಸ್ಲಾ, ಕಣ್ಗೆ ಹೊಡೀತದೆ’ ಅಂದಳು. ಅವಳ ಕಣ್ಣಿಗೋ ಅದರ ಕಣ್ಣಿಗೋ ನಾನು ಕೇಳಲಿಲ್ಲ. ಅಂದಿನಿಂದ ಅವಳ ಮಟ್ಟಿಗೆ ಕರಕರ ನಿಂತಿತು. ನನ್ನ ಮಟ್ಟಿಗೆ ನಿಲ್ಲಲು ಇನ್ನೂ ಕಾಲ ಹಿಡಿಯಿತು.

ನಡುವೆ ಒಂದು ಮಾತು: ಸರಿಯಾಗಿ ಸಾಕಿದರೆ ಹತ್ತು ಹನ್ನೆರಡು ವರ್ಷ ಬಾಳುವ ಜೀವ ಇದು, ರಾತ್ರಿ ಎಚ್ಚರ, ಒಂಟಿಯಾದರೆ ಕೊರಗಿ ಕೆಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಾಕುವುದಕ್ಕೇ ಕಾನೂನಿನ ಅಡ್ಡಿಯಿದೆ. ಇಲ್ಲಿ ಹಾಸ್ಟೆಲ್ ಹುಡುಗರಿಗೆ ಮೊಬೈಲ್ ಕವರ್ ಮಾರಿದಷ್ಟು ಸಲೀಸಾಗಿ ಮಾರುತ್ತಾರೆ. ನನಗಂತೂ ಅದು ಸರಿಕಾಣುವುದಿಲ್ಲ.

ನಂಜನಗೂಡಿನ ದೊಡ್ಡಜಾತ್ರೆಗೆ ಬಂದ ಅಕ್ಕನ ಮಗ ಐದು ತೇರೂ ಎಳೆದ ಮಾರನೇ ದಿನ ನಮ್ಮಲ್ಲಿಗೆ ಬಂದ. ‘ಮಾವ, ಬೆಂಗಳೂರಲ್ಲಿ ಬೇರೆ ಮನೆ ಮಾಡಿದೀನಿ, ಕರ್ಕೊಂಡು ಹೋಗ್ತೀನಿ’ ಅಂದ. ಅವ್ವನ ಕೊರಳಿನ ಸಂಚಿಗೆ ಕೈ ಹಾಕಲು ಹೋದ. ಮನೆ ಕಿತ್ತುಹೋಗುವಂತೆ ಅರಚಿದವು. ಹುಡುಗನ ಮುಖ ಪೆಚ್ಚಾಯಿತು. ‘ದುಡ್ ಕೊಟ್ಟು ತಂದೋನು ನಾನಲ್ವಾ ಅಜ್ಜಿ?’

ಅವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. ‘ಮೈಮೇಲಿರೋ ಬನೀನ್ ಬಿಚ್ಕೊಟ್ಟು ಹೋಗು ಮೊಗ. ಒಗೀಬ್ಯಾಡ, ಹಂಗೇ ಕೊಡು. ಮುಂದಿನ್ ತಿಂಗ್ಳು ಬಾ, ನೋಡುವ.’