‘ಇರಲಿ’ ಎಂಬ ಭಾರ

ನಮ್ಮ ಮನೆಯಲ್ಲಿ ಯಾರು ಯಾವ ಊರಿಗೆ ಹೊರಟರೂ ಪೆಟ್ಟಿಗೆ ತುಂಬುವ ಕೆಲಸ ನನ್ನದೇ. ಮದುವೆಯಾಗಿ ಬಂದಾಗಿನಿಂದ ನಲವತ್ತು ವರ್ಷ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಧರ್ಮಸ್ಥಳಕ್ಕೆ ಎರಡು ದಿನ ಹೋಗಿ ಬರುವುದಿದ್ದರೂ ಹೋಲ್ಡಾಲ್ ಬಿಗಿಯಲು ಅದರ ಮೇಲೆ ಇಬ್ಬರು ಕೂರಬೇಕಿತ್ತು. ಅದಕ್ಕೆಲ್ಲ ಕಾರಣ ನನ್ನ ‘ಇರಲಿ’. ಮಳೆ ಬಂದರೆ ಇರಲಿ ಅಂತ ಕೊಡೆ, ಚಳಿಯಾದರೆ ಇರಲಿ ಅಂತ ಶಾಲು, ಯಾರಾದರೂ ಊಟಕ್ಕೆ ಕರೆದರೆ ಇರಲಿ ಅಂತ ಒಂದು ಒಳ್ಳೆಯ ಸೀರೆ. “ಇನ್ನೊಂದು ‘ಇರಲಿ’ ಹಾಕಿದೆಯೋ, ಸ್ಟೇಷನ್ನಿನಲ್ಲಿ ರೈಲು ಇರಲ್ಲ, ನೋಡು!” ಎಂದು ನಮ್ಮವರು ಗಡಿಯಾರ ನೋಡುತ್ತಾ ರೇಗಿಸುತ್ತಿದ್ದರು.

ಅವರು ಹೋಗಿ ಎರಡು ವರ್ಷವಾದ ಮೇಲೆ, 2024ರಲ್ಲಿ, ಸಿಯಾಟಲ್‌ನಲ್ಲಿರುವ ಮಗಳು ಫೋನ್ ಮಾಡಿದಳು. “ಅಮ್ಮಾ, ಜೂನ್‌ನಲ್ಲಿ ನೀನು ಇಲ್ಲಿಗೆ ಬಂದಾಗ ನಾವೆಲ್ಲ ಹಡಗಿನಲ್ಲಿ ಅಲಾಸ್ಕಾಗೆ ಹೋಗ್ತಿದೀವಿ. ಏಳು ರಾತ್ರಿ. ಟಿಕೆಟ್ ಆಗಿದೆ. ಬರಲ್ಲ ಅನ್ಬೇಡ.”

ಹಡಗು ಹತ್ತಬೇಕೆನ್ನುವುದು ನಮ್ಮವರ ಆಸೆಯಾಗಿತ್ತು. ಮಂಗಳೂರಿಗೆ ಹೋದಾಗಲೆಲ್ಲ ಸಮುದ್ರದ ಕಡೆ ನೋಡುತ್ತಾ “ರಿಟೈರ್ ಆಗಲಿ, ಒಂದು ಸಲ ಹತ್ತಿಯೇ ಬಿಡೋಣ” ಅನ್ನುತ್ತಿದ್ದರು. ರಿಟೈರ್ ಆದರು, ಹತ್ತಲಿಲ್ಲ. ಮಗಳಿಗೆ ಅದು ನೆನಪಿತ್ತು. ಹಾಗಾಗಿ ನಾನು ಬರಲ್ಲ ಅನ್ನಲಿಲ್ಲ.

ಮಾರನೆಯ ದಿನವೇ ವಾಟ್ಸಾಪಿನಲ್ಲಿ ಪಟ್ಟಿ ಬಂತು. ಥರ್ಮಲ್ ಎರಡು ಜೊತೆ, ಸ್ವೆಟರ್ ಎರಡು, ತಲೆಗವಸು ಇರುವ ಮಳೆ ಜಾಕೆಟ್ ಒಂದು, ಪ್ಯಾಂಟು ಮೂರು, ಕಾಲುಚೀಲ ಆರು ಜೊತೆ, ಜಾರದ ಬೂಟು. ಎರಡು ಸಲ ಓದಿದೆ. ಸೀರೆ ಎನ್ನುವ ಮಾತೇ ಇಲ್ಲ! ಅರವತ್ನಾಲ್ಕು ವರ್ಷದ ನಾನು ಪ್ಯಾಂಟು ಹಾಕಿಕೊಂಡು ಅಳಿಯನ ಮುಂದೆ ಓಡಾಡಬೇಕೇ? ಪಟ್ಟಿಯ ಕೊನೆಯಲ್ಲಿ ಮಾತ್ರ ಒಂದು ಸಾಲಿತ್ತು: “ಎರಡು ರಾತ್ರಿ ಊಟಕ್ಕೆ ಎಲ್ಲರೂ ಚೆನ್ನಾಗಿ ಡ್ರೆಸ್ ಮಾಡ್ಕೊಂಡು ಬರ್ತಾರೆ. ಅದಕ್ಕೆ ನಿನಗೆ ಇಷ್ಟವಾದ ಸೀರೆ ತಾ.”

ಈ ‘ಇಷ್ಟವಾದ’ ಎನ್ನುವುದೇ ನನಗೆ ತೊಡಕಾಯಿತು. ನಮ್ಮವರು ಹೋದ ಮೇಲೆ ಬಣ್ಣದ ಸೀರೆಗಳನ್ನು ಬೀರುವಿನ ಹಿಂದಕ್ಕೆ ತಳ್ಳಿದ್ದೆ. ಉಡಬೇಡ ಎಂದು ಯಾರೂ ಹೇಳಿರಲಿಲ್ಲ. ಉಡು ಎಂದೂ ಯಾರೂ ಹೇಳಿರಲಿಲ್ಲ. ಮುಂದಿನ ಸಾಲಿನಲ್ಲಿ ಬೂದು, ಬಿಸ್ಕತ್ತಿನ ಬಣ್ಣ, ತಿಳಿನೀಲಿ ಮಾತ್ರ ಉಳಿದಿದ್ದವು. ಅವನ್ನೇ ಮಡಿಸಿ ಪೆಟ್ಟಿಗೆಗೆ ಇಡತೊಡಗಿದೆ.

ಅತ್ತೆಯವರು ಮಂಚದ ತುದಿಯಲ್ಲಿ ಕುಳಿತು ನೋಡುತ್ತಿದ್ದರು. ಅವರಿಗೆ ಎಂಬತ್ತಾರು. ನಲವತ್ತೊಂದಕ್ಕೇ ಮಾವನವರನ್ನು ಕಳೆದುಕೊಂಡವರು. ನಾನು ಸೊಸೆಯಾಗಿ ಬಂದಾಗಿನಿಂದ ಅವರನ್ನು ಬೂದು, ಕಾಫಿಪುಡಿ ಬಣ್ಣ ಬಿಟ್ಟು ಬೇರೆ ಸೀರೆಯಲ್ಲಿ ಕಂಡಿಲ್ಲ. ಮಾತು ಕಡಿಮೆ, ಕಟ್ಟುನಿಟ್ಟು ಹೆಚ್ಚು.

“ಆ ಗಿಳಿಹಸಿರು ಎಲ್ಲೇ?” ಎಂದರು.

“ಯಾವುದು ಅತ್ತೆ?” ಗೊತ್ತಿದ್ದೂ ಕೇಳಿದೆ.

“ನಿಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ಆದಾಗ ಅವನು ತಂದುಕೊಟ್ಟನಲ್ಲ, ಮೈಸೂರು ಸಿಲ್ಕು.”

“ಅದೆಲ್ಲ ಈಗ ಯಾಕೆ ಬಿಡಿ, ಅತ್ತೆ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಿಧಾನವಾಗಿ ಹೇಳಿದರು: “ನನ್ನ ಧಾರೆ ಸೀರೆಯನ್ನ ನಿಮ್ಮ ಮಾವ ಹೋದ ಮೇಲೆ ಟ್ರಂಕಿನಲ್ಲಿಟ್ಟೆ. ಎಷ್ಟೋ ವರ್ಷ ಬಿಟ್ಟು ಬಿಚ್ಚಿ ನೋಡ್ತೀನಿ, ಮಡಿಕೆ ಮಡಿಕೆಯಲ್ಲೇ ಹರಿದಿತ್ತು. ಉಟ್ಟು ಹರೀಲಿಲ್ಲ ಕಣೇ, ಇಟ್ಟು ಹರೀತು.”

ನಾನು ಏನೂ ಹೇಳಲಾರದೆ ನಿಂತೆ. ಅವರೇ ಎದ್ದು ಬೀರುವಿನ ಹಿಂದಿನಿಂದ ಸೀರೆ ತೆಗೆದರು. ಮಗನ ಹಳೆಯ ಮೆತ್ತನೆಯ ಪಂಚೆಯೊಂದನ್ನೂ ತಂದು ಮಂಚದ ಮೇಲೆ ಹಾಸಿದರು. “ಮಡಿಸಬೇಡ, ಸುತ್ತು. ಜರಿ ಮುರಿಯಲ್ಲ. ಉಟ್ಟರೆ ಉಡು, ಬಿಟ್ಟರೆ ಬಿಡು. ಇರಲಿ.”

ಹೀಗೆ ನನ್ನ ಪೆಟ್ಟಿಗೆಗೆ ಮೊದಲ ಬಾರಿಗೆ ಬೇರೆಯವರ ‘ಇರಲಿ’ಯೊಂದು ಸೇರಿತು.

ಉಳಿದ ಪಟ್ಟಿಗೆ ದೇವರಾಜ ಅರಸು ರಸ್ತೆಗೆ ಹೋದೆ. ಏಪ್ರಿಲ್ಲಿನ ಉರಿಬಿಸಿಲಿನಲ್ಲಿ ಥರ್ಮಲ್ ಕೇಳಿದರೆ ಅಂಗಡಿಯ ಹುಡುಗ ನನ್ನ ಮುಖವನ್ನೇ ನೋಡಿದ! ಮಗಳು ಫೋನಿನಲ್ಲಿ ಪಾಠ ಹೇಳಿದ್ದಳು: ಅಲ್ಲಿಯ ಚಳಿಗೆ ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ವಾಸಿ. ಮೈಗೆ ಅಂಟಿದಂತೆ ಥರ್ಮಲ್, ಅದರ ಮೇಲೆ ಸ್ವೆಟರ್, ಎಲ್ಲಕ್ಕೂ ಮೇಲೆ ನೀರು ಇಳಿಯದ ಜಾಕೆಟ್. ಬಿಸಿಲು ಬಂದರೆ ಒಂದೊಂದೇ ಕಳಚಬಹುದು. ಹತ್ತಿ ಬಟ್ಟೆ ನಮ್ಮ ಊರಿಗೆ ಸುಖ. ಅಲ್ಲಿ ನೆನೆದರೆ ಬೇಗ ಒಣಗದೆ ಮೈಗೆ ಅಂಟಿಕೊಂಡು ಚಳಿ ಹೆಚ್ಚಿಸುತ್ತದೆ. ಸೀರೆಯನ್ನಂತೂ ಹಡಗಿನ ಮೇಲಿನ ಗಾಳಿಯಲ್ಲಿ ಹಿಡಿದುಕೊಳ್ಳುವುದಕ್ಕೇ ಎರಡು ಕೈ ಸಾಲದು. ಪ್ಯಾಂಟು ಅವಳ ಹಟವಲ್ಲ, ನನ್ನ ಮಂಡಿಯ ಮೇಲಿನ ಕಾಳಜಿ ಎಂದು ಆಗ ತಿಳಿಯಿತು.

ಹಡಗು ಹತ್ತುವಾಗ ಕಲಿತದ್ದನ್ನೂ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ಚೀಟಿ ಕಟ್ಟಿ ಅವರ ಕೈಗೆ ಕೊಟ್ಟುಬಿಡಬೇಕು. ಅವು ನಮ್ಮ ಕೋಣೆ ಸೇರುವಾಗ ಸಂಜೆಯಾದರೂ ಆಯಿತೇ. ಹಾಗಾಗಿ ಔಷಧಿ, ಕನ್ನಡಕ, ಪಾಸ್‌ಪೋರ್ಟು, ಒಂದು ಜೊತೆ ಬಟ್ಟೆ, ಸ್ವೆಟರ್ ಕೈಚೀಲದಲ್ಲೇ ಇರಬೇಕು. ಸಿಯಾಟಲ್‌ನಿಂದ ಅಲಾಸ್ಕಾಗೆ ಹೋಗುವ ಹಡಗುಗಳು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲೂ ನಿಲ್ಲುತ್ತವೆ. ಬೇರೆ ದೇಶದ ಬಾವುಟ ಹೊತ್ತ ಹಡಗು ಅಮೆರಿಕಾದಲ್ಲಿ ಹೊರಟು ಅಲ್ಲಿಗೇ ಮರಳುವುದಾದರೆ ನಡುವೆ ಹೊರದೇಶದ ಒಂದು ಬಂದರನ್ನಾದರೂ ಮುಟ್ಟಬೇಕು. ಅದಕ್ಕೆ 1886ರ ಕಾನೂನೊಂದು ಕಾರಣ. ಅದರಿಂದ ನಮ್ಮಂಥವರು ಕೆನಡಾದ ವೀಸಾವನ್ನೂ ಮೊದಲೇ ಮಾಡಿಸಿಕೊಳ್ಳಬೇಕಾಗುತ್ತದೆ.

ಕೋಣೆ ನಮ್ಮ ಅಡುಗೆಮನೆಯಷ್ಟು. ಬಟ್ಟೆಯನ್ನೆಲ್ಲ ತೆಗೆದಿಟ್ಟು ಖಾಲಿ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದರೆ ಮಾತ್ರ ತಿರುಗಾಡಲು ಜಾಗ. ಗೋಡೆ ಉಕ್ಕಿನದು. ಮಗಳು ತಂದಿದ್ದ ಅಯಸ್ಕಾಂತದ ಕೊಕ್ಕೆಗಳು ಗಟ್ಟಿಯಾಗಿ ಅಂಟಿಕೊಂಡು, ಒದ್ದೆ ಜಾಕೆಟ್ಟು, ಟೋಪಿ, ಚೀಲ ಎಲ್ಲ ಗೋಡೆಗೇ ತೂಗಿದವು. ನಾನು ನನ್ನ ಹಳೆಯ ಕ್ರಮದಂತೆ ದಿನಕ್ಕೊಂದು ಬಟ್ಟೆಯ ಚೀಲ ಮಾಡಿ, ಆಯಾ ದಿನದ ಉಡುಪು, ಒಳಉಡುಪು, ಕರವಸ್ತ್ರ, ಪಿನ್ನು ಎಲ್ಲವನ್ನೂ ಅದರಲ್ಲೇ ಇಟ್ಟಿದ್ದೆ. “ಇದು ಚೆನ್ನಾಗಿದೆ ಅಮ್ಮಾ!” ಎಂದು ಮಗಳೂ ಒಪ್ಪಿದಳು. ಇಸ್ತ್ರಿಪೆಟ್ಟಿಗೆಯನ್ನು ಹಡಗಿಗೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ, ಬೆಂಕಿಯ ಭಯ. ಸುಕ್ಕು ಹಿಡಿಯದ ಬಟ್ಟೆಯನ್ನೇ ಆರಿಸಿಕೊಳ್ಳಬೇಕು.

ಸ್ಕ್ಯಾಗ್ವೇ ಎನ್ನುವ ಪುಟ್ಟ ಊರಿನಲ್ಲಿ ಕೇಳಿದ ಕಥೆ ಇನ್ನೂ ಮನಸ್ಸಿನಲ್ಲಿದೆ. 1897-98ರಲ್ಲಿ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿಗೆ ಸಾವಿರಾರು ಜನ ಇಲ್ಲಿ ಬಂದಿಳಿದರು. ಬೆಟ್ಟದ ಆಚೆ ಕೆನಡಾ. ಅಲ್ಲಿ ಜನ ಹಸಿವಿನಿಂದ ಸಾಯಬಾರದೆಂದು, ಒಂದು ವರ್ಷಕ್ಕೆ ಸಾಲುವ ಸಾಮಾನು ತಂದವರನ್ನು ಮಾತ್ರ ಕೆನಡಾದ ಪೊಲೀಸರು ಒಳಗೆ ಬಿಡುತ್ತಿದ್ದರು. ಹಿಟ್ಟು, ಬಟ್ಟೆ, ಸಲಕರಣೆ ಎಲ್ಲ ಸೇರಿ ತಲೆಗೆ ಸುಮಾರು ಒಂದು ಟನ್! ಸ್ವಲ್ಪ ಸ್ವಲ್ಪವಾಗಿ ಹೊತ್ತು, ಮತ್ತೆ ಕೆಳಗಿಳಿದು, ಮತ್ತೆ ಹತ್ತುವುದು. ವೈಟ್ ಪಾಸ್ ಕಣಿವೆಯ ದಾರಿಯಲ್ಲಿ ಭಾರ ಹೊತ್ತೇ ಸುಮಾರು 3,000 ಕುದುರೆಗಳು ಸತ್ತವಂತೆ. ಆ ದಾರಿಯ ಪಕ್ಕದಲ್ಲೇ ಈಗ ಪುಟ್ಟ ರೈಲು ಓಡುತ್ತದೆ. ಕಿಟಕಿಯ ಪಕ್ಕ ಕುಳಿತು ಯೋಚಿಸಿದೆ. ಅವರದು ಹೊಟ್ಟೆಗೆ ಬೇಕಾದ ಭಾರ. ನಾನು ಇಷ್ಟು ವರ್ಷ ಹೊತ್ತಿದ್ದರಲ್ಲಿ ಅರ್ಧ, ‘ಯಾರಾದರೂ ಏನಾದರೂ ಅಂದಾರು’ ಎನ್ನುವುದರ ಭಾರ.

ಅದನ್ನು ಸುಮ್ಮನೆ ಹೇಳುತ್ತಿಲ್ಲ. ಮೊದಲನೆಯ ವಿಶೇಷ ಊಟದ ರಾತ್ರಿ ಪಂಚೆ ಬಿಚ್ಚಿ ಹಸಿರು ಸೀರೆಯನ್ನು ಮಂಚದ ಮೇಲೆ ಹರಡಿದ್ದೆ. ಅಷ್ಟರಲ್ಲಿ ನೆನಪಾಯಿತು, ಮಧ್ಯಾಹ್ನ ಊಟದ ಹಾಲಿನಲ್ಲಿ ಕನ್ನಡ ಕೇಳಿಸಿತ್ತು. ಬೆಂಗಳೂರಿನ ಒಂದು ಕುಟುಂಬ, ಅವರಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು. ಮಾತಾಡಿಸಿ, ನಮ್ಮವರು ಹೋದ ವಿಷಯವನ್ನೂ ಹೇಳಿಬಿಟ್ಟಿದ್ದೆ. ಹಸಿರನ್ನು ಮತ್ತೆ ಸುತ್ತಿಟ್ಟು ಬೂದು ಸೀರೆ ಉಟ್ಟೆ. ಹಡಗಿನಲ್ಲಿದ್ದ ಸಾವಿರಾರು ಜನರಲ್ಲಿ ನಾನು ಹೆದರಿದ್ದು ಆ ಒಬ್ಬಾಕೆಯ ಕಣ್ಣಿಗೆ! ಮಗಳು ನೋಡಿದಳು, ಏನೂ ಹೇಳಲಿಲ್ಲ.

ಎರಡು ದಿನ ಕಳೆದು ಗ್ಲೇಸಿಯರ್ ಬೇ. ಬೆಳಿಗ್ಗೆಯೇ ಮೂರೂ ಪದರ ತೊಟ್ಟು, ಹೌದು, ಪ್ಯಾಂಟೂ ತೊಟ್ಟು, ಮೇಲೆ ಹೋಗಿ ನಿಂತೆ. ಅಳಿಯ “ಅತ್ತೆ, ಬಿಸಿ ಕಾಫಿ” ಎಂದು ತಂದುಕೊಟ್ಟ. ನನ್ನ ಉಡುಪನ್ನು ಅವನು ಗಮನಿಸಿದಂತೆಯೂ ಕಾಣಲಿಲ್ಲ. ಎದುರಿಗೆ ನೀಲಿ ಬೆರೆತ ಹಿಮದ ಗೋಡೆ. ಯಾರೂ ಮಾತಾಡುತ್ತಿರಲಿಲ್ಲ. ಗುಡುಗಿದ ಹಾಗೆ ಸದ್ದಾಗಿ ಅದರ ಒಂದು ತುಂಡು ಸಮುದ್ರಕ್ಕೆ ಕಳಚಿ ಬಿತ್ತು. ನಮ್ಮವರಿದ್ದಿದ್ದರೆ ಎನಿಸಿ ಕಣ್ಣು ತುಂಬಿತು. ಆಗಲೇ ಅತ್ತೆಯವರ ಮಾತೂ ನೆನಪಾಯಿತು.

ಅಂದು ರಾತ್ರಿ ಎರಡನೆಯ ವಿಶೇಷ ಊಟ. ಗಿಳಿಹಸಿರು ಉಟ್ಟೆ. ಕ್ರೇಪ್ ರೇಷ್ಮೆಯಲ್ಲವೇ, ಒಂದು ಸುಕ್ಕಿಲ್ಲ. ಮಗಳು ಸೆರಗು ಸರಿಮಾಡಿ ಪಿನ್ನು ಹಾಕುವಾಗ ಅವಳ ಕೈ ಸ್ವಲ್ಪ ನಡುಗಿತು. ಕೆಳಗೆ ಹೋದರೆ ಆಕೆ ನೇರ ನನ್ನ ಕಡೆಗೇ ಬಂದರು. ಎದೆ ಡವಡವ ಎಂದಿತು.

“ಮೈಸೂರು ಸಿಲ್ಕ್ ಅಲ್ವೇನ್ರೀ? ನಾನೂ ಒಂದು ತಂದೆ, ಮುದ್ದೆಯಾಗಿ ಹೋಗಿದೆ. ನೀವು ಹೇಗ್ರೀ ತಂದ್ರಿ?”

ಇಷ್ಟೇ! ಪಂಚೆಯಲ್ಲಿ ಸುತ್ತುವ ವಿಧಾನವನ್ನು ನಿಂತಲ್ಲೇ ಹೇಳಿಕೊಟ್ಟೆ. ಅವರ ಬಾಯಿಂದ ಬೇರೆ ಮಾತು ಬರಲಿಲ್ಲ. ಅಂದಿದ್ದರೂ ಆ ರಾತ್ರಿ ನಾನು ಸೀರೆ ಬದಲಿಸುತ್ತಿರಲಿಲ್ಲ ಎಂದುಕೊಂಡಿದ್ದೇನೆ.

ಇಷ್ಟೆಲ್ಲ ಕಲಿತ ಮೇಲೂ ಕೊನೆಯ ರಾತ್ರಿ ಎಡವಿದೆ. ಇಳಿಯುವ ಹಿಂದಿನ ರಾತ್ರಿಯೇ ದೊಡ್ಡ ಪೆಟ್ಟಿಗೆಯನ್ನು ಕೋಣೆಯ ಹೊರಗಿಡಬೇಕು, ಅವರು ಒಯ್ಯುತ್ತಾರೆ. ಬೆಳಗ್ಗೆಗೆ ಬೇಕಾದ್ದನ್ನು ಮಾತ್ರ ಒಳಗಿಟ್ಟುಕೊಳ್ಳಬೇಕು. ನಾನು ಸೀರೆ ಇಟ್ಟುಕೊಂಡೆ, ರವಿಕೆ ಇಟ್ಟುಕೊಂಡೆ, ಲಂಗವನ್ನು ಪೆಟ್ಟಿಗೆಗೆ ಹಾಕಿ ಕಳಿಸಿಬಿಟ್ಟೆ! ಬೆಳಗ್ಗೆ ಥರ್ಮಲ್ ಪ್ಯಾಂಟಿನ ಮೇಲೆ ನಾಡಿ ಬಿಗಿದು, ಅದಕ್ಕೇ ನೆರಿಗೆ ಸಿಕ್ಕಿಸಿ, ಆರು ಪಿನ್ನು ಹಾಕಿಕೊಂಡು ಸಿಯಾಟಲ್‌ನಲ್ಲಿ ಇಳಿದೆ. ತಾಯಿ ಮಗಳು ದಾರಿಯುದ್ದಕ್ಕೂ ನಕ್ಕಿದ್ದೇ ನಕ್ಕಿದ್ದು. ಅಳಿಯನಿಗೆ ಇವತ್ತಿನವರೆಗೂ ಕಾರಣ ಗೊತ್ತಿಲ್ಲ.

ಅತ್ತೆಯವರಿಗೆ ಹಸಿರು ಸೀರೆಯ ಫೋಟೋ ಕಳಿಸಿದ್ದೆವು. ಮೈದುನನ ಫೋನಿನಲ್ಲಿ ತುಂಬ ಹೊತ್ತು ನೋಡಿದರಂತೆ. ಆಮೇಲೆ ನನಗೆ ಫೋನ್ ಮಾಡಿಸಿ ಕೇಳಿದ್ದು ಒಂದೇ ಮಾತು: “ಒಳಗೆ ಬೆಚ್ಚಗೆ ಏನಾದರೂ ಹಾಕಿದ್ದೀಯೋ ಇಲ್ಲವೋ?”

ಊರಿಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಬಳಸಿದ್ದು, ಬಳಸದೆ ಇದ್ದದ್ದು ಎಂದು ಎರಡು ಗುಡ್ಡೆ ಮಾಡಿದೆ. ನೀವೂ ಹೀಗೆ ಮಾಡಿ, ಮುಂದಿನ ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಸಿಗದು. ಮೂರು ಸೀರೆ, ಕೊಡೆ, ಶಾಲು, ಎರಡು ಟವಲು, ಬಿಸಿನೀರಿನ ಚೀಲ, ನಾನು ‘ಇರಲಿ’ ಎಂದು ಹಾಕಿಕೊಂಡ ಅಷ್ಟೂ ಬಿಚ್ಚದೆ ಮರಳಿ ಬಂದಿದ್ದವು. ಅತ್ತೆಯವರ ‘ಇರಲಿ’ ಒಂದೇ ಕೆಲಸಕ್ಕೆ ಬಂದದ್ದು. ಅದನ್ನೀಗ ಬೀರುವಿನ ಮುಂದಿನ ಸಾಲಿನಲ್ಲಿ ಇಟ್ಟಿದ್ದೇನೆ.