ಅಂಬಾಸಿಡರ್‌ಗೆ ಗಾಜು ಕೂರಿಸುವಾಗ

ಹಳೇ ಅಂಬಾಸಿಡರ್‌ಗೆ ಬಣ್ಣ ಹೊಡೆಸುವುದು ಸುಲಭ. ಮುಂದಿನ ಗಾಜನ್ನು ನೀರು ಸೋರದ ಹಾಗೆ ಕೂರಿಸುವುದೇ ನಿಜವಾದ ಕೆಲಸ. ಕಡೂರು, ಅಜ್ಜಂಪುರದ ಬಯಲಲ್ಲಿ ಬೇಸಿಗೆಯ ಧೂಳು; ತರೀಕೆರೆ ದಾಟಿ ಕೆಮ್ಮಣ್ಣುಗುಂಡಿ ಘಟ್ಟ ಹತ್ತಿದರೆ ಮಳೆ. ಎರಡನ್ನೂ ತಡೆಯುವುದು ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ. ಹೊಸ ಬೀಡಿಂಗ್ ಹುಡುಕುವುದು ಕಷ್ಟ ಅಂತ ಒಣಗಿ ಬಿರುಕುಬಿಟ್ಟ ಹಳೆಯದನ್ನೇ ಮತ್ತೆ ಹಾಕಬಾರದು.

ಮೊದಲು ಚೌಕಟ್ಟಿನ ಅಂಚಿನ ತುಕ್ಕು ಕೆರೆದು, ಪ್ರೈಮರ್ ಹಚ್ಚಿ, ಪೂರ್ತಿ ಒಣಗಿಸಬೇಕು. ಇಲ್ಲಿ ಅವಸರ ಮಾಡಿದರೆ ಹೊಸ ರಬ್ಬರ್ ಅಡಿಯಲ್ಲೇ ತುಕ್ಕು ಬೆಳೆಯುತ್ತದೆ. ಆಮೇಲೆ ಬೀಡಿಂಗನ್ನು ಗಾಜಿಗೆ ಸುತ್ತಿ, ಚೌಕಟ್ಟು ಹಿಡಿಯುವ ತೋಡಿನಲ್ಲಿ ಗಟ್ಟಿ ನೈಲಾನ್ ದಾರ ಕೂರಿಸಿ, ಎರಡೂ ತುದಿಗಳನ್ನು ಒಳಗೆ ಬಿಡುತ್ತಾರೆ. ಸೋಪಿನ ನೀರು ಸವರಿ ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಒತ್ತಿದರೆ, ಇನ್ನೊಬ್ಬರು ಒಳಗಿನಿಂದ ದಾರವನ್ನು ನಿಧಾನ ಎಳೆಯುತ್ತಾರೆ. ದಾರ ಬಂದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚಿನ ಮೇಲೆ ಮಗುಚಿ ಕೂರುತ್ತದೆ. ಮೂಲೆಯಲ್ಲಿ ಜೋರು ಮಾಡಿದರೆ ಗಾಜು ಸೀಳುತ್ತದೆ. ಕ್ರೋಮ್ ಪಟ್ಟಿ ಕೊನೆಗೆ.

ಬಾಗಿಲಿನ ಗಾಜಿನ ಲೆಕ್ಕ ಬೇರೆ: ಸ್ವಲ್ಪ ನೀರು ಒಳಗೆ ಇಳಿದೇ ಇಳಿಯುತ್ತದೆ. ಅದು ಹೊರಹೋಗಲೆಂದೇ ಬಾಗಿಲಿನ ತಳದಲ್ಲಿ ತೂತುಗಳಿವೆ. ಪುಟ್ಟಿ, ಬಣ್ಣ ಅವನ್ನು ಮುಚ್ಚದಂತೆ ನೋಡಿಕೊಳ್ಳಬೇಕು.

ಕಡೂರು, ಅಜ್ಜಂಪುರ, ತರೀಕೆರೆ ಸುತ್ತ ಒಳ್ಳೆಯ ಬೀಡಿಂಗ್ ಸಿಗುವ ಅಂಗಡಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.