ನೂರು ಬಾರಿ ತೊಳೆದ ತುಪ್ಪ

ನಿವೃತ್ತಿವೇತನದ ಕಾಗದಗಳಿಗೆ ಅಂಟಿಸಲು ಭಾವಚಿತ್ರ ಬೇಕೆಂದು ನಮ್ಮ ಬೀದಿಯ ಸ್ಟುಡಿಯೋಗೆ ಹೋಗಿದ್ದೆ. ಅಲ್ಲಿಯ ಹುಡುಗ ನನ್ನ ಮುಖವನ್ನು ಕಂಪ್ಯೂಟರಿನ ತೆರೆಯ ಮೇಲೆ ಮೊರದಗಲಕ್ಕೆ ಹಿಗ್ಗಿಸಿ, ಮೂಗಿನ ಎಲುಬಿನ ಮೇಲೆ ಅಡ್ಡಲಾಗಿ ಬಿದ್ದಿದ್ದ ಒಂದು ಕಂದು ಗೆರೆಯ ಬಳಿಗೆ ಬಾಣದ ಗುರುತನ್ನು ತಂದು ನಿಲ್ಲಿಸಿ, “ಸಾರ್, ಈ ಕಲೆ ತೆಗೆದುಬಿಡ್ಲಾ?” ಎಂದು ಕೇಳಿದ. ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಮೂವತ್ತೊಂದು ವರ್ಷ ಕಫದ ಗಾಜುಪಟ್ಟಿಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಇಣುಕಿದ ನನಗೆ ಆ ಸೇವೆಯಿಂದ ಲಭಿಸಿದ ಪದಕವೆಂಬುದು ಅದೊಂದೇ ಆಗಿರುವುದರಿಂದ, ಇದ್ದಕ್ಕಿದ್ದಂತೆ ಉತ್ತರ ಹೊಳೆಯಲಿಲ್ಲ. “ಸ್ವಲ್ಪ ತಾಳಪ್ಪ” ಎಂದು ಬೆಂಚಿನ ಮೇಲೆ ಕುಳಿತೆ.

ಆ ಗೆರೆ ಮೂಡಿದ್ದು ಕೊರೋನಾ ಹಬ್ಬಿದ 2020ರ ಬೇಸಗೆಯಲ್ಲಿ. ಆಗ ನಾವು ಧರಿಸುತ್ತಿದ್ದ ಎನ್ 95 ಎಂಬ ಮುಖಗವಸು ಗಾಳಿಯಲ್ಲಿ ತೇಲುವ ಅತಿಸೂಕ್ಷ್ಮ ಕಣಗಳಲ್ಲಿ ನೂರಕ್ಕೆ ತೊಂಬತ್ತೈದನ್ನಾದರೂ ತಡೆಯತಕ್ಕದ್ದು. ತಡೆಯಬೇಕಾದರೆ ಅದರ ಅಂಚಿನಲ್ಲಿ ಎಲ್ಲಿಯೂ ಸಂದಿರಕೂಡದು. ಸಂದಿಲ್ಲದಿರಬೇಕಾದರೆ ಮೂಗಿನ ಮೇಲೆ ಬರುವ ಲೋಹದ ಪಟ್ಟಿಯನ್ನು ಎರಡು ಕೈಯ ಬೆರಳುಗಳಿಂದ ಒತ್ತಿ ಕೂರಿಸಬೇಕು. ಮೂಗಿನ ಆ ಭಾಗದಲ್ಲಿಯೋ ವಿಧಾತನು ಮಾಂಸವನ್ನು ಬಲು ಲೋಭದಿಂದ ಬಳಸಿರುವನಾಗಿ, ಚರ್ಮವು ಲೋಹಕ್ಕೂ ಎಲುಬಿಗೂ ನಡುವೆ ಅಡಕತ್ತರಿಗೆ ಸಿಕ್ಕ ಅಡಕೆಯಾಗುತ್ತದೆ. ಇದರ ಮೇಲೆ ಬೆವರು, ನಮ್ಮದೇ ಉಸಿರಿನ ಆವಿ, ಮಾತನಾಡುವಾಗಲೆಲ್ಲ ಆಗುವ ತಿಕ್ಕಾಟ. ಬಟ್ಟೆ ಒಗೆದವರ ಬೆರಳಿನಂತೆ ನೆನೆದು ಮೆತ್ತಗಾದ ಚರ್ಮ ಸುಲಿಯುವುದಕ್ಕೆ ಬಹಳ ಹೊತ್ತು ಬೇಡ. ನಾನಾದರೋ ಮನೆಗೆ ಬಂದೊಡನೆ ರೋಗಭಯದಿಂದ ಮುಖಕ್ಕೆ ಬಟ್ಟೆಯ ಸೋಪನ್ನೇ ಹಾಕಿ ಉಜ್ಜುತ್ತಿದ್ದೆ. ಸುಟ್ಟ ಗಾಯಕ್ಕೆ ಉಪ್ಪು ಸವರುವ ಈ ಬುದ್ಧಿವಂತಿಕೆಯ ಫಲವಾಗಿ ಮೂಗು ಕೆಂಡದಂತಾಗಿ, ಕೆನ್ನೆಗಳು ಬಿರಿದು, ಕಿವಿಯ ಹಿಂಭಾಗ ಹುಣ್ಣಾಯಿತು. ಅದೇ ವರ್ಷ ಚೀನದ ಹೂಬೇ ಪ್ರಾಂತದ ಆಸ್ಪತ್ರೆಗಳಲ್ಲಿ ವಿಚಾರಿಸಿದಾಗ, ಉತ್ತರವಿತ್ತ 542 ಮಂದಿಯಲ್ಲಿ ಶೇಕಡ 97 ಮಂದಿ ರಕ್ಷಣಾಸಾಧನಗಳಿಂದ ಚರ್ಮ ಕೆಟ್ಟಿತೆಂದೂ, ಹೆಚ್ಚಿನವರು ಮೂಗಿನ ಮೇಲೆಯೇ ಕೆಟ್ಟಿತೆಂದೂ ಹೇಳಿದರಂತೆ. ನನ್ನ ಮೂಗಿನ ಬಂಧುಬಳಗ ಅಷ್ಟು ದೊಡ್ಡದೆಂಬುದು ಆಗ ನನಗೆ ತಿಳಿದಿರಲಿಲ್ಲ.

ಒಂದು ದಿನ ನನ್ನ ಆ ವೇಷವನ್ನು ನೋಡಿದ ಅಮ್ಮ, “ಇದೇನೋ, ಕಣದ ಎತ್ತಿಗೆ ಕುಕ್ಕೆ ಹಾಕಿದ ಹಾಗಿದೆ” ಎಂದಳು. ನಮ್ಮ ಅಜ್ಜನ ಕಣದಲ್ಲಿ ಹುಲ್ಲು ತುಳಿಯುವ ಎತ್ತುಗಳ ಬಾಯಿಗೆ ಹಗ್ಗದಿಂದ ಹೆಣೆದ ಕುಕ್ಕೆ ಕಟ್ಟುತ್ತಿದ್ದುದೂ, ಭತ್ತ ತೂರುವ ಹೆಂಗಸರು ಸೆರಗನ್ನು ಮೂಗಿನ ಮೇಲೆ ಬಿಗಿದುಕೊಳ್ಳುತ್ತಿದ್ದುದೂ ನೆನಪಾಗಿ, ಉಪಮೆಯ ಔಚಿತ್ಯವನ್ನು ಒಪ್ಪಿದೆನಾದರೂ, ನನ್ನ ಮುಖಗವಸಿನ ವಂಶ ಕಣದಿಂದ ಬಂದುದಲ್ಲವೆಂದು ವಾದಿಸಿದೆ. ಅದು ಬಂದುದು ಬ್ರೆಸ್ಲೌ ಎಂಬ ಪಟ್ಟಣದಿಂದ. ಮಾತನಾಡುವವನ ಬಾಯಿಂದ ಹಾರುವ ತುಂತುರುಗಳಲ್ಲಿ ರೋಗಾಣುಗಳಿರುವುವೆಂದು ಫ್ಲೂಗೆ ಎಂಬ ವಿದ್ವಾಂಸ ತೋರಿಸಿಕೊಡಲು, ಅದೇ ಊರಿನ ಶಸ್ತ್ರವೈದ್ಯ ಮಿಕುಲಿಚ್ 1897ರಲ್ಲಿ ಜಾಳುಬಟ್ಟೆಯ ಒಂದು ಪದರವನ್ನು ಮುಖಕ್ಕೆ ಕಟ್ಟಿಕೊಂಡು ಶಸ್ತ್ರಕ್ರಿಯೆ ನಡೆಸಿ, ಇದರೊಳಗಿನ ಉಸಿರಾಟ ಬೀದಿಯಲ್ಲಿ ಮುಸುಕು ಹಾಕಿಕೊಂಡು ನಡೆಯುವ ಸ್ತ್ರೀಯರ ಉಸಿರಾಟದಷ್ಟೇ ಸುಲಭವೆಂದು ಸಾರಿದ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಬೆರ್ಜೆ ಎಂಬಾತ ಆರು ಪದರದ ಬಟ್ಟೆಯ ಕೆಳ ಅಂಚನ್ನು ತನ್ನ ಮೇಲಂಗಿಗೇ ಹೊಲಿಯಿಸಿಕೊಂಡ. ಮರೆಯಾಗಬೇಕಾದ ಗಡ್ಡ ಅಷ್ಟು ಸಮೃದ್ಧವಾಗಿತ್ತು. ಆ ಪುಣ್ಯಾತ್ಮರ ಬಟ್ಟೆ ಸಡಿಲ. ಆದುದರಿಂದ ಅವರ ಮೂಗುಗಳಿಗೆ ಚರಿತ್ರೆಯಲ್ಲಿ ಯಾವ ದೂರೂ ಇಲ್ಲ. ಗಾಳಿಯನ್ನೇ ಸೋಸಬೇಕೆಂಬ ಹಟ ಹುಟ್ಟಿದಮೇಲೆ ಬಟ್ಟೆ ಬಿಗಿಯಾಯಿತು. 1910ರ ಕೊನೆಯಲ್ಲಿ ಮಂಚೂರಿಯದ ಹಾರ್ಬಿನ್ನಿನಲ್ಲಿ ಶ್ವಾಸಕೋಶದ ಪ್ಲೇಗು ಹಬ್ಬಿದಾಗ, ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ಓದಿದ ವೂ ಲಿಯೆನ್‌ ತೆ ಎಂಬ ತರುಣ ವೈದ್ಯ ಹತ್ತಿಯನ್ನು ಜಾಳುಬಟ್ಟೆಯಲ್ಲಿ ಸುತ್ತಿ ಎಲ್ಲರ ಮುಖಕ್ಕೂ ಕಟ್ಟಿಸಿದ. ಮೆಸ್ನಿ ಎಂಬ ಹಿರಿಯ ಫ್ರೆಂಚ್ ವೈದ್ಯರು ತರುಣನ ಮಾತನ್ನು ಲಘುವಾಗಿ ಕಂಡು, ಬರಿಯ ಮುಖದಲ್ಲಿ ರೋಗಿಗಳ ಬಳಿಗೆ ಹೋಗಿ, ಕೆಲವೇ ದಿವಸಗಳಲ್ಲಿ ಅದೇ ರೋಗದಿಂದ ತೀರಿಕೊಂಡರು. ಮೂಗು ಉರಿಯಿತೆಂದು ಕೆಲಸದ ವೇಳೆಯಲ್ಲಿ ಗವಸನ್ನು ಕಿತ್ತೆಸೆಯಬೇಕೆನಿಸಿದಾಗಲೆಲ್ಲ ನಾನು ಆ ಮೆಸ್ನಿಯವರನ್ನು ನೆನೆದು ಕೈ ಇಳಿಸುತ್ತಿದ್ದೆ.

ಇಷ್ಟು ಹೊತ್ತು ನನ್ನ ವ್ಯಾಖ್ಯಾನವನ್ನು ಕೇಳಿದ ಅಮ್ಮ, “ಅದೆಲ್ಲ ಸರಿ, ಮೂಗಿಗೇನು ಹಚ್ಚುತ್ತೀ?” ಎಂದಳು. ಚರಿತ್ರೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅವಳು ಅಟ್ಟದಿಂದ ಅಜ್ಜಿಯ ಕಾಲದ ತಾಮ್ರದ ಹರಿವಾಣವನ್ನು ಇಳಿಸಿ, ಹುಣಸೆಹಣ್ಣು ತಿಕ್ಕಿ ಬೆಳಗಿ, ಮನೆಯ ಹಸುವಿನ ತುಪ್ಪವನ್ನು ಎರಡು ಹಿಡಿಯಷ್ಟು ಹಾಕಿಕೊಂಡು ಹಿತ್ತಿಲ ಜಗಲಿಯಲ್ಲಿ ಕುಳಿತಳು. ಶತಧೌತ ಘೃತವೆಂದು ಆಯುರ್ವೇದದವರು ಕರೆಯುವ, ನೂರು ಬಾರಿ ತೊಳೆದ ತುಪ್ಪ ಅದು. ತಣ್ಣೀರು ಹೊಯ್ದು, ಅಂಗೈಯಿಂದ ಹರಿವಾಣದ ತಳಕ್ಕೆ ತಿಕ್ಕಿ ತಿಕ್ಕಿ, ನೀರನ್ನು ಬಸಿದು ಚೆಲ್ಲಿ, ಮತ್ತೆ ಹೊಸ ನೀರು ಹೊಯ್ಯಬೇಕು. ಒಂದು ಸಲ ಚೆಲ್ಲಿದರೆ ಒಂದು ಲೆಕ್ಕ. ಲೆಕ್ಕಕ್ಕೆಂದು ಬಲಗಡೆ ನೂರು ಹುಣಸೆಬೀಜ ಇಟ್ಟುಕೊಂಡಿದ್ದಳು. ಒಂದೊಂದು ತೊಳೆತಕ್ಕೆ ಒಂದೊಂದು ಬೀಜ ಎಡಗಡೆಗೆ ಸರಿಯಬೇಕು. ಇಪ್ಪತ್ತಕ್ಕೆ ತುಪ್ಪದ ಹಳದಿ ಮಾಸಿತು. ನಲವತ್ತಕ್ಕೆ ಕಂಪು ಬಿಟ್ಟುಹೋಯಿತು. ಅರವತ್ತರ ಹೊತ್ತಿಗೆ ಅದು ನೀರನ್ನು ತನ್ನೊಳಗೆ ಹಿಡಿದುಕೊಂಡು ಉಬ್ಬಿ, ಹೊಸ ಬೆಣ್ಣೆಗಿಂತ ಬೆಳ್ಳಗೆ ನುಣುಪಾಗಿ ಮೇಲೆದ್ದಿತು. ಅಷ್ಟರಲ್ಲಿ ಎದುರುಮನೆಯ ಮಗು ಬಂದು ಎರಡೂ ಕಡೆಯ ಬೀಜಗಳನ್ನು ಕಲಸಿ ಒಂದು ಹಿಡಿ ಎತ್ತಿಕೊಂಡು ಓಡಿತು.

“ಎಷ್ಟಾಯಿತಮ್ಮ?”

“ಅರವತ್ತಮೂರೋ, ಎಪ್ಪತ್ತಮೂರೋ! ನಿನ್ನ ಮಾತು ಕೇಳುತ್ತ ಮರೆತೆ ಕಣೋ.”

ಸಂಶಯ ಬಂದಲ್ಲಿ ಸಣ್ಣ ಸಂಖ್ಯೆಯನ್ನೇ ಹಿಡಿಯತಕ್ಕದ್ದೆಂದು ಅವಳ ಧರ್ಮಶಾಸ್ತ್ರ. ಆದುದರಿಂದ ನನ್ನ ಮೂಗಿಗೆ ಲೇಪವಾದ ತುಪ್ಪ ನೂರು ಬಾರಿ ತೊಳೆದುದೋ ನೂರಹತ್ತು ಬಾರಿ ತೊಳೆದುದೋ ಇಂದಿಗೂ ಇತ್ಯರ್ಥವಾಗಿಲ್ಲ. ಚರಕಸಂಹಿತೆಯ ಜ್ವರಚಿಕಿತ್ಸೆಯಲ್ಲಿ ಸಾವಿರ ಬಾರಿ ತೊಳೆದ ತುಪ್ಪವನ್ನೂ ಹೇಳಿದೆಯೆಂದು ನಾನು ಪಾಂಡಿತ್ಯ ಮೆರೆದಾಗ ಅವಳು ಕೈ ಒರೆಸಿಕೊಳ್ಳುತ್ತ, “ಸಾವಿರ ಸಲ ತೊಳೆಯುವ ಹೊತ್ತಿಗೆ ಜ್ವರ ತಾನಾಗಿಯೇ ಬಿಟ್ಟೀತು” ಎಂದುಬಿಟ್ಟಳು. ಆದರೂ ರಾತ್ರಿ ಬರಿಯ ತಣ್ಣೀರಿನಲ್ಲಿ ಮುಖ ತೊಳೆದು, ಉಜ್ಜದೆ ಮೆತ್ತನೆಯ ಪಂಚೆಯಿಂದ ಒತ್ತಿ ಒರೆಸಿ, ಆ ಬಿಳಿಯ ಲೇಪವನ್ನು ಬೆರಳ ತುದಿಯಿಂದ ಹಚ್ಚಿಕೊಂಡಾಗ ಉಂಟಾದ ತಂಪನ್ನು ಏನೆಂದು ಬಣ್ಣಿಸಲಿ! ಮೂಗಿಗೆ ತವರುಮನೆ ಸಿಕ್ಕಂತಾಯಿತು.

ವ್ಯಾಸಲೀನಿನ ಅಭಿಮಾನಿಗಳು ಇಲ್ಲಿ ಮುನಿಯಬಾರದು. ಅದಕ್ಕೂ ಗೌರವದ ಕುಲವುಂಟು. 1859ರಲ್ಲಿ ಅಮೆರಿಕದ ಟೈಟಸ್‌ವಿಲ್ಲಿನ ಎಣ್ಣೆಬಾವಿಗಳನ್ನು ನೋಡಲು ಹೋದ ಚೀಸ್‌ಬ್ರೋ ಎಂಬ ರಸಾಯನಜ್ಞ, ಪಂಪಿನ ಸರಳುಗಳಿಗೆ ಮೆತ್ತಿಕೊಳ್ಳುವ ಜಿಡ್ಡನ್ನು ಅಲ್ಲಿಯ ಕೂಲಿಗಳು ಸುಟ್ಟ ಗಾಯಗಳಿಗೆ ಹಚ್ಚಿಕೊಳ್ಳುತ್ತಿದ್ದುದನ್ನು ಕಂಡು, ಅದನ್ನು ಶೋಧಿಸಿ 1872ರಲ್ಲಿ ಹಕ್ಕುಪತ್ರ ಪಡೆದ. ದಿನಕ್ಕೊಂದು ಚಮಚ ತಿನ್ನುತ್ತಿದ್ದನೆಂಬ ಪ್ರತೀತಿಯೂ ಇದೆ, ತೊಂಬತ್ತಾರು ವರ್ಷ ಬದುಕಿದ್ದನೆಂಬುದಂತೂ ನಿಜ. ಕೆಲಸಗಾರರ ನೋವಿಗೆ ಕೆಲಸಗಾರರೇ ಕಂಡುಕೊಂಡ ಮದ್ದೆಂಬ ಕಾರಣದಿಂದ ನನಗೆ ಅದರ ಮೇಲೆ ಪ್ರೀತಿಯುಂಟು. ಆದರೆ ತುಪ್ಪವಾಗಲಿ ವ್ಯಾಸಲೀನಾಗಲಿ ಗವಸು ತೊಡುವ ಮುನ್ನ ಬಳಿಯತಕ್ಕ ವಸ್ತುವಲ್ಲ; ಇದನ್ನು ನಾನು ಕಲಿತದ್ದು ಒಂದು ಬೆಳಗ್ಗೆ ಧಾರಾಳವಾಗಿ ಬಳಿದುಕೊಂಡು ಹೋದಮೇಲೆ. ಗವಸು ಜಾರುಬಂಡೆಯ ಮಗುವಿನಂತೆ ಮೂಗಿನಿಂದ ತುಟಿಗೆ ಇಳಿದು ಬಂದಿತು. ಜಿಡ್ಡಿನ ಮೇಲೆ ಅಂಚು ನಿಲ್ಲದು, ಅಂಚು ನಿಲ್ಲದಿದ್ದರೆ ಗವಸು ಇದ್ದೂ ಇಲ್ಲದಂತೆ. ಹಗಲಿಗೆ ಪರಿಮಳವಿಲ್ಲದ ತೆಳುವಾದ ಲೇಪವೊಂದನ್ನು ಅರ್ಧ ಗಂಟೆ ಮುಂಚೆಯೇ ಹಚ್ಚಿ ಇಂಗಲು ಬಿಡಬೇಕು, ಜಿಡ್ಡಿನದೇನಿದ್ದರೂ ರಾತ್ರಿಗೆ. ಗಾಯ ಒಸರತೊಡಗಿತೆಂದರೆ ಮನೆಮದ್ದನ್ನು ಬದಿಗಿಟ್ಟು ಚರ್ಮವೈದ್ಯರ ಬಾಗಿಲು ತಟ್ಟಬೇಕು.

ಇಷ್ಟಾದರೂ ನನ್ನ ಮೂಗು ವಾಸಿಯಾಗಲಿಲ್ಲ. ರಾತ್ರಿ ಮಾಗಿದುದು ಹಗಲು ಮತ್ತೆ ಸುಲಿಯುತ್ತಿತ್ತು. ಆಗ ಅಮ್ಮ ಅಜ್ಜನ ಕೊಟ್ಟಿಗೆಯ ಮಾತೆತ್ತಿದಳು. ನೊಗ ತಿಕ್ಕಿ ಹೆಗಲು ಹುಣ್ಣಾದ ಎತ್ತಿಗೆ ಅಜ್ಜ ಹೊಂಗೆಯೆಣ್ಣೆ ಹಚ್ಚುತ್ತಿದ್ದ. ನೊಗಕ್ಕೆ ಹಳೆಯ ಕಂಬಳಿಯ ತುಂಡು ಸುತ್ತುತ್ತಿದ್ದ. ಆದರೆ ಅದೆಲ್ಲಕ್ಕೂ ಮೊದಲು ಎತ್ತನ್ನು ಬಿಚ್ಚಿ ಕೊಟ್ಟಿಗೆಯಲ್ಲಿ ನಿಲ್ಲಿಸುತ್ತಿದ್ದ. ಬಿತ್ತನೆಯ ಹದ ಮೀರುವಂತಿದ್ದ ಒಂದು ಮಳೆಗಾಲದಲ್ಲಿ, ಹೆಗಲು ಬಿರಿದಿದ್ದ ಎತ್ತನ್ನು ಹೂಡಲೊಲ್ಲದೆ, ನೆರೆಯವರ ಜೋಡಿಯನ್ನು ಮೂರು ದಿವಸ ಬೇಡಿ ತಂದು ಹೊಲ ಉತ್ತನಂತೆ. “ಎಣ್ಣೆ ಎತ್ತಿಗಲ್ಲ, ನಮ್ಮ ಸಮಾಧಾನಕ್ಕೆ, ಎತ್ತಿಗೆ ಬೇಕಾದದ್ದು ನೊಗ ಇಳಿಯೋದು” ಎನ್ನುತ್ತಿದ್ದನಂತೆ.

ಮಾರನೆಯ ದಿನ ನಾನು ಮೇಲಧಿಕಾರಿಗಳ ಮುಂದೆ ಅಜ್ಜನ ಹೆಸರೆತ್ತದೆ ಅಜ್ಜನ ವಾದವನ್ನೇ ಮಂಡಿಸಿದೆ: ಆರು ಗಂಟೆ ಒಂದೇ ಸಮನೆ ಬಿಗಿದುಕೊಂಡಿರುವ ಬದಲು, ಎರಡೆರಡು ಗಂಟೆಗೊಮ್ಮೆ, ರೋಗಿಗಳಿಲ್ಲದ ಬಯಲುಜಾಗದಲ್ಲಿ ಸರದಿಯ ಮೇಲೆ ಗವಸು ಕಳಚಲು ಅವಕಾಶ ಕೊಡಬೇಕೆಂದು. ಪಾಳಿಯ ಪಟ್ಟಿ ತಿದ್ದಲು ಒಂದು ತಿಂಗಳು ಹಿಡಿಯಿತು. ಅನಂತರ ಮೂಗು ಹದಿನೈದು ದಿವಸಗಳಲ್ಲಿ ಮಾಗಿತು. ಅಷ್ಟರೊಳಗೆ ಈ ಗೆರೆ ನೆಲೆಯೂರಿತ್ತು.

“ಸಾರ್, ಪ್ರಿಂಟ್ ಆಯ್ತು” ಎಂದು ಹುಡುಗ ಕೂಗಿದ. ನನ್ನ ಉತ್ತರಕ್ಕೆ ಕಾದು ಬೇಸತ್ತು ಅವನು ಕಲೆಯನ್ನು ಅಳಿಸಿಯೇಬಿಟ್ಟಿದ್ದ. ಅಮ್ಮ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ತುಪ್ಪ ಈಗ ಗುಣ ಕೊಟ್ಟಿತೆಂದು ಸಂತೋಷಪಟ್ಟಳು. ನಾನು ನಿಜ ಹೇಳಲಿಲ್ಲ. ಆದರೆ ಆಸ್ಪತ್ರೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಕೆಲಸದ ಪಾಳಿ ಬರೆಯುವ ಮಹನೀಯರಿಗೆ ನನ್ನದೊಂದು ಬಿನ್ನಹವುಂಟು: ಆ ಪಟ್ಟಿಯಲ್ಲಿ ಗವಸು ಕಳಚುವುದಕ್ಕೆಂದೇ ಒಂದು ಕಾಲುಗಂಟೆಯನ್ನು ಬರೆದಿಡಿ, ತುಪ್ಪ ತೊಳೆಯುವ ಭಾರವನ್ನು ಮನೆಯವರು ಹೊತ್ತುಕೊಳ್ಳುತ್ತಾರೆ.